ಚುಕ್ಕಿ ಗುರುತು ಸಿಕ್ರೆ ಗೆರೆ ಗುರುತೂ ಸಿಕ್ಕಂಗೇನ್ರಿ? ಎಡ್ಜ್ ಮೆಟ್ರಿಕ್ ಡೈಮೆನ್ಷನ್ ಬಗ್ಗೆ ಸಹಾಯ ಬೇಕು

ವರದಾ_ತೀರ:
ಎಲ್ಲಾರಿಗೂ ನಮಸ್ಕಾರ್ರಿ. ನಾನು ಎಂಎಸ್ಸಿ ಗಣಿತ ಎರಡನೇ ವರ್ಷ ಓದಾಕತ್ತೀನಿ, ಪ್ರಾಜೆಕ್ಟಿಗೆ ಗ್ರಾಫ್ ಥಿಯರಿ ತಗೊಂಡೀನಿ, ಅದ್ರಾಗ ಮೆಟ್ರಿಕ್ ಡೈಮೆನ್ಷನ್. ವರ್ಟೆಕ್ಸ್ ಭಾಗ ನನಗ ತಿಳದೈತಿ, ಅಂದ್ರ ಗ್ರಾಫಿನ್ಯಾಗ (ಚುಕ್ಕಿ ಮತ್ತ ಅವನ್ನ ಕೂಡಿಸೋ ಗೆರೆಗಳ ಚಿತ್ರ) ಒಂದಿಷ್ಟು ವರ್ಟೆಕ್ಸ್, ಅಂದ್ರ ಚುಕ್ಕಿ, ಆರಿಸ್ಕೊಂಡು ಅಲ್ಲಿಂದ ಪ್ರತಿಯೊಂದು ವರ್ಟೆಕ್ಸಿಗೂ ಎಷ್ಟು ದೂರ, ಅಂದ್ರ ಕಮ್ಮೀತ ಕಮ್ಮಿ ಎಷ್ಟು ಗೆರೆ ದಾಟಬೇಕು ಅಂತ ಪಟ್ಟಿ ಬರೀಬೇಕು, ಯಾವ ಎರಡಕ್ಕೂ ಒಂದೇ ಪಟ್ಟಿ ಬರಬಾರದು, ಹಂಗ ಆಗಾಕ ಕಮ್ಮೀತ ಕಮ್ಮಿ ಎಷ್ಟು ವರ್ಟೆಕ್ಸ್ ಬೇಕೋ ಅದ ಡೈಮೆನ್ಷನ್.

ನಾನು ಚಕ್ರ ಗ್ರಾಫ್ ಮಾಡಾಕತ್ತೀನಿ, ಸೈಕಲ್ ಗಾಲಿ ಇದ್ದಂಗ, ನಡಕ ಒಂದು ಹಬ್ಬು, ಸುತ್ತ ರಿಮ್ಮು, ಹಬ್ಬಿನಿಂದ ರಿಮ್ಮಿನ ಪ್ರತಿ ವರ್ಟೆಕ್ಸಿಗೂ ಒಂದೊಂದು ಸ್ಪೋಕು. ರಿಮ್ಮಿನ ಮ್ಯಾಲೆ 10 ವರ್ಟೆಕ್ಸ್ ಇದ್ರ ಸೂತ್ರ ಹಚ್ಚಿದಾಗ ಡೈಮೆನ್ಷನ್ 4 ಬರ್ತೈತಿ, ಇದು ಸರಿ ಐತಿ. ಈಗ ಗೈಡ್ ಸರ್ ಇದನ್ನ ಎಡ್ಜಿಗೂ ಮಾಡು ಅಂದ್ರು. ಎಡ್ಜ್ ಅಂದ್ರ ಎರಡು ವರ್ಟೆಕ್ಸ್ ನಡುವಿನ ಗೆರೆ ತಾನ, ಎರಡೂ ತುದಿ ಗುರುತು ಸಿಕ್ಕಮ್ಯಾಲೆ ಗೆರೆ ತಾನಾಗೇ ಸಿಗ್ತೈತಿ ಅಂತ ತಿಳಕೊಂಡು ಅದಕ್ಕೂ 4 ಅಂತನ ರಿಪೋರ್ಟಿನ್ಯಾಗ ಬರದುಬಿಟ್ಟೆ. ನಿನ್ನೆ ಪೈಥಾನ್‌ನ್ಯಾಗ ಚಿಕ್ಕ ಪ್ರೋಗ್ರಾಮ್ ಓಡಿಸಿ ನೋಡಿದ್ರ 9 ಬಂತು. 9 ಅಂದ್ರ ರಿಮ್ಮಿನ ಮ್ಯಾಲೆ ಹೆಚ್ಚು ಕಮ್ಮಿ ಎಲ್ಲಾನೂ ಆರಿಸ್ಕೊಂಡಂಗ ಆತು. ಪ್ರೋಗ್ರಾಮ್ ತಪ್ಪೈತೋ ನನ್ನ ತಿಳುವಳಿಕೆ ತಪ್ಪೈತೋ ಗೊತ್ತಾಗವಲ್ದು. ಯಾರಾದ್ರೂ ಬಿಡಿಸಿ ಹೇಳ್ರಿ ದಯವಿಟ್ಟು.

ಕಬ್ಬಿನಗದ್ದೆ:
ಪ್ರೋಗ್ರಾಮಲ್ಲೇ ಏನೋ ತಪ್ಪೈತೆ ಅನ್ಸುತ್ತೆ ಕಣಮ್ಮ. ನೀವು ಮೊದ್ಲು ಬರ್ದಿದ್ದೇ ಸರಿ. ಊರಲ್ಲಿರೋ ಎಲ್ಲಾ ಸರ್ಕಲ್ ಹೆಸ್ರು ಗೊತ್ತಿದ್ರೆ ಈ ಸರ್ಕಲ್ಲಿಂದ ಆ ಸರ್ಕಲ್ಲಿಗೆ ಹೋಗೋ ರೋಡು ಅಂತ ಹೇಳೋಕೆ ಬೇರೆ ಏನೂ ಬೇಕಾಗಿಲ್ವಲ್ಲ. ಎಡ್ಜಿಗೆ ದೂರ ಲೆಕ್ಕ ಹಾಕೋ ಜಾಗದಲ್ಲಿ ಇನ್ನೊಂದ್ಸಲ ನೋಡಿ.

ಅಘನಾಶಿನಿ_ಮೇಷ್ಟ್ರು:
ತಂಗಿ, ನಿಮ್ಮ ಪ್ರೋಗ್ರಾಮ್ ಸರಿ ಇದೆ, 9 ಸರಿ. ಕಬ್ಬಿನಗದ್ದೆಯವರು ಹೇಳಿದ ಮಾತು ಕೇಳೋಕೆ ನ್ಯಾಯವಾಗೇ ಇದೆ, ನಾನೂ ಮೊದಲ ಸಲ ಇದನ್ನ ಓದಿದಾಗ ಹಾಗೇ ಅಂದ್ಕೊಂಡಿದ್ದೆ. ಆದ್ರೆ ಅಲ್ಲಿ ಒಂದು ಕಡೆ ಜಾರ್ತೀವಿ. ಎಡ್ಜಿನ ಎರಡೂ ತುದಿಯ ಪಟ್ಟಿ ಬೇರೆ ಬೇರೆಯಾಗಿ ನಮ್ಮ ಕೈಗೆ ಸಿಕ್ಕಿದ್ರೆ ನಿಮ್ಮ ಮಾತು ಸರಿ. ಇಲ್ಲಿ ಹಾಗೆ ಸಿಗೋದಿಲ್ಲ. ಆರಿಸಿಕೊಂಡ ವರ್ಟೆಕ್ಸಿಂದ (ನಾನು ಕ್ಲಾಸಲ್ಲಿ ಕಾವಲು ಚುಕ್ಕಿ ಅಂತೀನಿ) ಎಡ್ಜಿಗೆ ದೂರ ಅಂದ್ರೆ ಅದರ ಎರಡು ತುದಿಗಳಲ್ಲಿ ಯಾವುದು ಹತ್ತಿರವೋ ಅದರ ದೂರ ಮಾತ್ರ. ಒಂದು ಕಾವಲು ಚುಕ್ಕಿಗೆ ಒಂದೇ ಸಂಖ್ಯೆ. ದೂರದ ತುದಿ ಎಷ್ಟು ದೂರ ಅನ್ನೋದು ಆ ಸಂಖ್ಯೆಯಲ್ಲಿ ಅಳಿಸಿ ಹೋಗಿರುತ್ತೆ. ಅಳಿಸಿ ಹೋದ ಅದೇ ಮಾಹಿತಿ ಚಕ್ರ ಗ್ರಾಫಲ್ಲಿ ನಮಗೆ ಬೇಕಾಗಿರೋದು.

10 ಬೇಡ, ರಿಮ್ಮಿನ ಮೇಲೆ 5 ಚುಕ್ಕಿ ಇಟ್ಕೊಂಡು ಕೈಯಲ್ಲೇ ಮಾಡೋಣ, ಪೆನ್ನು ಪೇಪರ್ ತಗೊಳ್ಳಿ. ರಿಮ್ಮಿನ ಚುಕ್ಕಿಗಳು 1, 2, 3, 4, 5, ನಡುವಿನದು ಹಬ್. ಕಾವಲು ಚುಕ್ಕಿ 1 ಮತ್ತು 2. ಈಗ ಚುಕ್ಕಿಗಳ ಪಟ್ಟಿ, ಮೊದಲ ಸಂಖ್ಯೆ 1ರಿಂದ ದೂರ, ಎರಡನೇದು 2ರಿಂದ:

ಹಬ್ (1,1)
1 (0,1)
2 (1,0)
3 (2,1)
4 (2,2)
5 (1,2)

ಆರೂ ಬೇರೆ ಬೇರೆ. ಎರಡೇ ಕಾವಲಲ್ಲಿ ಎಲ್ಲಾ ಚುಕ್ಕಿ ಗುರುತು ಸಿಕ್ಕಿತು. ಈಗ ಅದೇ ಕಾವಲಿಂದ ಎಡ್ಜ್ ನೋಡಿ:

ಹಬ್–1 (0,1)
ಹಬ್–2 (1,0)
ಹಬ್–3 (1,1)
ಹಬ್–4 (1,1)
ಹಬ್–5 (1,1)
1–2 (0,0)
2–3 (1,0)
3–4 (2,1)
4–5 (1,2)
5–1 (0,1)

ಮೂರು ಸ್ಪೋಕಿಗೆ ಒಂದೇ ಪಟ್ಟಿ. ಹಬ್–2 ಮತ್ತು 2–3 ಒಂದೇ. ಹಬ್–1 ಮತ್ತು 5–1 ಒಂದೇ. ಚುಕ್ಕಿಗಳೆಲ್ಲ ಸಿಕ್ಕಿವೆ, ಹತ್ತು ಗೆರೆಗಳಲ್ಲಿ ಏಳು ಗೊಂದಲ. ಈಗ 3ನೇ ಚುಕ್ಕಿಯನ್ನೂ ಕಾವಲಿಗೆ ಸೇರಿಸಿ ನೀವೇ ಮಾಡಿ ನೋಡಿ, ಏನು ಉಳಿಯುತ್ತೆ ಹೇಳಿ.

ವರದಾ_ತೀರ:
ಸರ್ ಕುಂತು ಮಾಡಿದೆ. 1, 2, 3 ಇಟ್ರ ಉಳಿದದ್ದೆಲ್ಲಾ ಬೇರೆ ಆಗ್ತಾವು, ಆದ್ರ ಹಬ್–4 ಮತ್ತ ಹಬ್–5 ಎರಡಕ್ಕೂ (1,1,1) ಬರ್ತೈತಿ. 4 ಸೇರಿಸಿದ್ರ ಬಿಡ್ತೈತಿ. ನಾಲ್ಕು ಕಾವಲಿಟ್ಟಾಗ ಸ್ಪೋಕಿನ ಪಟ್ಟಿ ಇಲ್ಲಿ ಹಾಕ್ತೀನಿ ನೋಡ್ರಿ: ಹಬ್–1 ಕ್ಕ (0,1,1,1), ಹಬ್–2 ಕ್ಕ (1,0,1,1), ಹಬ್–3 ಕ್ಕ (1,1,0,1), ಹಬ್–4 ಕ್ಕ (1,1,1,0), ಹಬ್–5 ಕ್ಕ (1,1,1,1). ರಿಮ್ಮಿನ ಗೆರೆ ಐದೂ ಬ್ಯಾರೆ ಅದಾವು, ಅವುಗಳಾಗ ನಾಲ್ಕಕ್ಕ ಎಲ್ಲೋ ಒಂದು ಕಡೆ 2 ಬರ್ತೈತಿ, 2–3 ಕ್ಕ ಮಾತ್ರ (1,0,0,1) ಬಂತು, ಅದೂ ಯಾವುದಕ್ಕೂ ಕೂಡಲಿಲ್ಲ.

ಈ ಸ್ಪೋಕಿನ ಪಟ್ಟಿ ನೋಡಿದ ಕೂಡ್ಲೇ ತಲ್ಯಾಗ ಬೆಳಕು ಬಿದ್ದಂಗಾತು ಸರ್. ಒಂದು ಸ್ಪೋಕನ್ನ ಗುರುತಿಸೋದು ಅದರ ತುದೀಗೆ ಕುಂತ ಕಾವಲು ಒಂದ ತಾನ! ಉಳಿದ ಎಲ್ಲಾ ಕಾವಲಿಗೂ ಹಬ್ಬು ಒಂದು ಹೆಜ್ಜಿ ದೂರ, ಅದಕ್ಕ ಎಲ್ಲಾ ಸ್ಪೋಕೂ 1 ದೂರ ಅಂತನ ಕಾಣ್ತಾವು. ಹಬ್ಬಿನ್ಯಾಗ ಕಾವಲು ಇಟ್ರೂ ಉಪಯೋಗಿಲ್ಲ, ಅಲ್ಲಿಂದ ಎಲ್ಲಾ ಸ್ಪೋಕಿಗೂ 0. ಹಂಗಾರ ಕಾವಲಿಲ್ಲದ ಸ್ಪೋಕು ಒಂದಕಿಂತ ಹೆಚ್ಚು ಇರಂಗಿಲ್ಲ. 10 ಇದ್ರ 9. ಇದು ಪ್ರೂಫ ಆತಲ್ರಿ?

ಅಘನಾಶಿನಿ_ಮೇಷ್ಟ್ರು:
ಆಯ್ತು ತಂಗಿ, ಪ್ರೂಫಿನ ಮುಖ್ಯ ಭಾಗ ಆಯ್ತು. ಕಮ್ಮಿಯಲ್ಲಿ ಆಗಲ್ಲ ಅನ್ನೋ ಭಾಗ ನೀವೇ ಬರೆದಿರಿ, ಒಂದು ಕಮ್ಮಿ ಇಟ್ರೆ ಸಾಕು ಅನ್ನೋದಕ್ಕೆ ರಿಮ್ಮಿನ ಗೆರೆ ಸ್ಪೋಕಿಗೆ ಗೊಂದಲ ಆಗಲ್ಲ ಅಂತ ತೋರಿಸಿದ್ರೆ ಮುಗೀತು. ರಿಮ್ಮಲ್ಲಿ 5 ಅಥವಾ ಹೆಚ್ಚು ಚುಕ್ಕಿ ಇದ್ರೆ ಎಡ್ಜ್ ಡೈಮೆನ್ಷನ್ ಒಂದು ಕಮ್ಮಿ, 3 ಮತ್ತು 4 ಇದ್ದಾಗ ಮಾತ್ರ ಎಲ್ಲವೂ ಬೇಕು.

ಇನ್ನೊಂದು ವಿಷಯ ನಿಮ್ಮ ರಿಪೋರ್ಟಿಗೆ. ಚುಕ್ಕಿಗಳ ಲೆಕ್ಕಕ್ಕೆ, ರಿಮ್ಮಿನ ಸಂಖ್ಯೆಯ ಎರಡರಷ್ಟಕ್ಕೆ 2 ಕೂಡಿಸಿ 5ರಿಂದ ಭಾಗಿಸಿ ಪೂರ್ಣಾಂಕ ಇಟ್ಕೊಳ್ಳಿ ಅನ್ನೋ ಸೂತ್ರ ಬಳಸಿದೀರಲ್ಲ, 10ಕ್ಕೆ 22 ಭಾಗಿಸು 5, ಅಂದ್ರೆ 4. 7ರಿಂದ ಮೇಲೆ ಅದು ಸರಿ. ಈ ಸೂತ್ರವನ್ನ 2002ರಲ್ಲಿ ಪ್ರಕಟಿಸಿದವರು ನಮ್ಮ ಕರ್ನಾಟಕದವರೇ, ಬಿ. ಷಣ್ಮುಖ, ಬಿ. ಸೂರ್ಯನಾರಾಯಣ, ಕೆ. ಎಸ್. ಹರಿನಾಥ್. ಮರುವರ್ಷ ಅಮೆರಿಕದ ಒಂದು ಗುಂಪು ಬೇರೆಯಾಗಿ ಅದೇ ಉತ್ತರ ಕೊಟ್ಟಿತು. ಹೆಚ್ಚಿನವರು ಎರಡನೇದನ್ನಷ್ಟೇ ಹೆಸರಿಸ್ತಾರೆ. ನೀವು ಎರಡನ್ನೂ ಹೆಸರಿಸಿ, ಇದು ನನ್ನ ಕಳಕಳಿಯ ಮಾತು.

ಕಬ್ಬಿನಗದ್ದೆ:
ಮೇಷ್ಟ್ರೇ ಒಪ್ಕೊಂಡೆ, ನಾನು ಹೇಳಿದ್ದು ತಪ್ಪು. ಪಟ್ಟಿ ಕಣ್ಣಾರೆ ನೋಡಿದ್ಮೇಲೆ ವಾದ ಇಲ್ಲ. ತಂಗಿ, ತಪ್ಪು ದಾರಿ ತೋರ್ಸಿದ್ದಕ್ಕೆ ಕ್ಷಮಿಸಿ.

ನಮಗೆ ಎಸ್ಸೆಸ್ಸೆಲ್ಸಿಲಿ ಗ್ರಾಫ್ ಅಂತ ಒಂದು ಪುಟ್ಟ ಪಾಠ ಇತ್ತು, ಎನ್ ಪ್ಲಸ್ ಆರ್ ಈಸ್ ಈಕ್ವಲ್ ಟು ಎ ಪ್ಲಸ್ 2 ಅಂತ, ಕೋನಿಗ್ಸ್‌ಬರ್ಗ್ ಸೇತುವೆ ಎಲ್ಲಾ ಇತ್ತು, ಅಷ್ಟೇ ನನಗೆ ಗೊತ್ತಿರೋದು, ಆದ್ರೂ ಇದು ಬಿಡಕ್ಕೆ ಮನ್ಸು ಬರ್ತಿಲ್ಲ. ಒಂದು ಕೇಳ್ತೀನಿ. ಹಂಗಾದ್ರೆ ಗೆರೆ ಗುರುತ್ಸೋದು ಯಾವಾಗ್ಲೂ ಚುಕ್ಕಿ ಗುರುತ್ಸೋದಕ್ಕಿಂತ ಕಷ್ಟ ಅಂತ ಅನ್ಕೋಬೋದಾ? ಗೆರೆಗಳು ಸಾಮಾನ್ಯವಾಗಿ ಚುಕ್ಕಿಗಿಂತ ಜಾಸ್ತಿ ಇರ್ತಾವೆ, ಮೇಲಿಂದ ಮಾಹಿತಿ ಬೇರೆ ಅಳಿಸೋಗುತ್ತೆ. ಗೆರೆ ಎಲ್ಲಾ ಸಿಕ್ಬುಟ್ರೆ ಗೆರೆ ಕೂಡೋ ಜಾಗವೇ ಚುಕ್ಕಿ, ಅದು ಸಿಕ್ಕೇ ಸಿಗುತ್ತೆ ಅಲ್ವಾ?

ಸೊನ್ನೆಯೊಂದು:
ಇಲ್ಲ, ಅದೂ ಆಗಲ್ಲ, ನನಗೆ ಈ ವಿಷಯದಲ್ಲಿ ತುಂಬಾ ಇಷ್ಟವಾದ ಉದಾಹರಣೆ ಇದಕ್ಕೇ ಇರೋದು, ಸ್ವಲ್ಪ ಉದ್ದ ಬರೀತೀನಿ ತಾಳ್ಮೆ ಇರಲಿ.

4 ಬಿಟ್ಟಿನ ಹೈಪರ್‌ಕ್ಯೂಬ್ ತಗೊಳ್ಳಿ. 0000 ಇಂದ 1111 ತನಕ 16 ವರ್ಟೆಕ್ಸ್, ಎರಡರ ನಡುವೆ ಒಂದೇ ಒಂದು ಬಿಟ್ ಬೇರೆ ಇದ್ರೆ ಎಡ್ಜ್, ಒಟ್ಟು 32 ಎಡ್ಜ್. ಎರಡು ವರ್ಟೆಕ್ಸ್ ನಡುವಿನ ದೂರ ಅಂದ್ರೆ ಎಷ್ಟು ಜಾಗದಲ್ಲಿ ಬಿಟ್ ಬೇರೆ ಇದೆ ಅನ್ನೋದು. ಇದರ ಮೆಟ್ರಿಕ್ ಡೈಮೆನ್ಷನ್ 4, ಮೂರು ಕಾವಲಲ್ಲಿ ಯಾವ ತರ ಇಟ್ರೂ 16 ವರ್ಟೆಕ್ಸನ್ನ ಬಿಡಿಸೋಕಾಗಲ್ಲ. ಆದ್ರೆ 32 ಎಡ್ಜಿಗೆ ಮೂರೇ ಕಾವಲು ಸಾಕು. 0000, 0011, 0101 ಇಡಿ.

ಮೊದ್ಲು ವರ್ಟೆಕ್ಸ್ ಎಲ್ಲಿ ಕೆಡುತ್ತೆ ನೋಡಿ. 1001 ತಗೊಂಡ್ರೆ ಮೂರೂ ಕಾವಲಿಂದ ದೂರ (2,2,2). 0110 ತಗೊಂಡ್ರೆ ಅದಕ್ಕೂ (2,2,2). ಇವೆರಡು ಒಂದಕ್ಕೊಂದು ಎದುರಾಬದುರು ಮೂಲೆಗಳು, ನಾಲ್ಕೂ ಬಿಟ್ ಬೇರೆ, ಆದ್ರೂ ಕಾವಲಿಗೆ ವ್ಯತ್ಯಾಸ ಗೊತ್ತಾಗಲ್ಲ. ಈಗ ಈ ಎರಡು ವರ್ಟೆಕ್ಸಿಗೆ ಅಂಟಿಕೊಂಡ ಎಡ್ಜ್‌ಗಳನ್ನ ನೋಡಿ, ತಲಾ ನಾಲ್ಕು, ಒಟ್ಟು ಎಂಟು:

1001–0001 (1,1,1)
1001–1000 (1,2,2)
1001–1011 (2,1,2)
1001–1101 (2,2,1)

0110–1110 (2,2,2)
0110–0111 (2,1,1)
0110–0100 (1,2,1)
0110–0010 (1,1,2)

1 ಮತ್ತು 2 ಇಟ್ಕೊಂಡು ಮೂರು ಜಾಗ ತುಂಬಿಸೋಕೆ ಎಷ್ಟು ದಾರಿ ಇದೆ, ಎಂಟು. ಎಂಟೂ ಒಂದೊಂದು ಸಲ ಬಂದಿದೆ, ಒಂದೂ ರಿಪೀಟ್ ಇಲ್ಲ ಒಂದೂ ಬಿಟ್ಟಿಲ್ಲ. ಮೊದಲ ಸಲ ಇದನ್ನ ಕೈಯಲ್ಲಿ ಬರೆದಾಗ ನಾನು ಪೆನ್ನು ಕೆಳಗಿಟ್ಟು ಸುಮ್ನೆ ನೋಡ್ತಾ ಕೂತಿದ್ದೆ. ಉಳಿದ 24 ಎಡ್ಜೂ ಬೇರೆ ಬೇರೆನೇ, ಪ್ರೋಗ್ರಾಮ್ ಹಾಕಿ ನೋಡಿ.

ಯಾಕೆ ಹೀಗೆ ಅಂದ್ರೆ ಸಮ ಬೆಸ. ಮೂರೂ ಕಾವಲಲ್ಲಿ 1ಗಳ ಸಂಖ್ಯೆ ಸಮ. ಹಾಗಾಗಿ ಯಾವ ವರ್ಟೆಕ್ಸ್ ತಗೊಂಡ್ರೂ ಮೂರೂ ದೂರ ಒಟ್ಟಿಗೇ ಸಮ ಇಲ್ಲಾ ಒಟ್ಟಿಗೇ ಬೆಸ. (1,2,2) ಅನ್ನೋ ಪಟ್ಟಿ ವರ್ಟೆಕ್ಸಿಗೆ ಬರೋಕೆ ಸಾಧ್ಯನೇ ಇಲ್ಲ. ಅಂದ್ರೆ ವರ್ಟೆಕ್ಸ್‌ಗಳಿಗೆ ಸಿಗೋ ಪಟ್ಟಿಗಳಲ್ಲಿ ಬಹುಪಾಲು ಮೊದ್ಲೇ ಹೊರಗೆ. ಎಡ್ಜಿಗೆ ಆ ಕಟ್ಟುಪಾಡಿಲ್ಲ, ಅದರ ಒಂದು ತುದಿ ಸಮ ಇನ್ನೊಂದು ತುದಿ ಬೆಸ, ಒಂದು ಕಾವಲಿಗೆ ಈ ತುದಿ ಹತ್ತಿರ ಇನ್ನೊಂದು ಕಾವಲಿಗೆ ಆ ತುದಿ ಹತ್ತಿರ, ಅದಕ್ಕೆ ಸಮ ಬೆಸ ಕಲಸಿ ಬರುತ್ತೆ. ಮೇಷ್ಟ್ರು ಹೇಳಿದ ಹತ್ತಿರದ ತುದಿ ಮಾತ್ರ ಅನ್ನೋ ನಿಯಮ ಚಕ್ರದಲ್ಲಿ ನಮ್ಮನ್ನ ಕೆಡಿಸ್ತು, ಇಲ್ಲಿ ಅದೇ ನಿಯಮ ಕಾಪಾಡ್ತು.

ಕಬ್ಬಿನಗದ್ದೆ:
ಇದನ್ನ ಎರಡ್ಸಲ ಓದ್ದೆ. ಎಂಟು ಗೆರೆ ಎಂಟು ಪಟ್ಟಿ ನಾನೇ ಪೇಪರಲ್ಲಿ ಬರ್ದು ತಾಳೆ ನೋಡ್ದೆ, ಸರಿ ಐತೆ. ಆದ್ರೆ ನನ್ನ ಪ್ರಶ್ನೆಗೆ ಪೂರ್ತಿ ಉತ್ರ ಬರ್ಲಿಲ್ಲ. 1001 ಚುಕ್ಕಿ ಹತ್ರ ಇರೋ ನಾಲ್ಕು ಗೆರೆನೂ ಗೊತ್ತಾಗುತ್ತೆ ಅಂದ್ಮೇಲೆ ಅದು ಕೂಡೋ ಚುಕ್ಕಿ ಯಾಕೆ ಗೊತ್ತಾಗಲ್ಲ?

ಸೊನ್ನೆಯೊಂದು:
ಒಳ್ಳೆ ಪ್ರಶ್ನೆ. ಕಾವಲುಗಾರರಿಗೆ ಏನು ಕಾಣುತ್ತೆ ಅನ್ನೋದು ಮುಖ್ಯ. ಗೆರೆ ಮೇಲೆ ಏನಾದ್ರೂ ಆದ್ರೆ ಗೆರೆಯ ಪಟ್ಟಿ ಬರುತ್ತೆ, ಚುಕ್ಕಿ ಮೇಲೆ ಆದ್ರೆ ಚುಕ್ಕಿಯ ಪಟ್ಟಿ ಮಾತ್ರ ಬರುತ್ತೆ, ಸುತ್ತಲಿನ ನಾಲ್ಕು ಗೆರೆಯ ಪಟ್ಟಿ ಜೊತೆಗೆ ಬರಲ್ಲ. (2,2,2) ಅಂತ ಬಂತು, ಚುಕ್ಕಿ ಅಂತಾನೂ ಗೊತ್ತು ಅಂದ್ಕೊಳ್ಳಿ, 1001ಓ 0110ಓ ಹೇಳೋಕೆ ಬೇರೆ ಏನೂ ಕೈಯಲ್ಲಿಲ್ಲ. ನೀವು ಮೊದಲ ಸಲ ಗೆರೆಯ ಎರಡೂ ತುದಿ ಗೊತ್ತಿದೆ ಅಂದ್ಕೊಂಡ್ರಿ, ಈ ಸಲ ಚುಕ್ಕಿಯ ಎಲ್ಲಾ ಗೆರೆ ಗೊತ್ತಿದೆ ಅಂದ್ಕೊಂಡ್ರಿ, ಎರಡೂ ಕಡೆ ಇಲ್ಲದ ಮಾಹಿತಿನ ಇದೆ ಅಂತ ತಗೊಂಡಂಗಾಯ್ತು.

ಟವರ್_ಕೆಳಗೆ:
ಚರ್ಚೆ ಚೆನ್ನಾಗಿದೆ. ನಾನು ಬೆಂಗಳೂರಲ್ಲಿ ನೆಟ್‌ವರ್ಕ್ ಕೆಲಸ ಮಾಡೋದು, ರಾತ್ರಿ ಪಾಳಿಯಲ್ಲಿ ನಮಗೆ ಬರೋ ಕಷ್ಟನೇ ಇದು, ಸ್ವಿಚ್ಚು ಸತ್ತಿದ್ಯಾ ಇಲ್ಲಾ ಸ್ವಿಚ್ಚಿಗೆ ಹೋಗೋ ಲಿಂಕ್ ಡೌನ್ ಆಗಿದ್ಯಾ ಅಂತ. ಆಚೆ ಇರೋದೆಲ್ಲ ಕತ್ತಲಾಗಿರುತ್ತೆ, ಎರಡಕ್ಕೂ ನಮ್ಮ ಸ್ಕ್ರೀನ್ ಮೇಲೆ ಒಂದೇ ತರ ಕೆಂಪು. ಹೋಗೋ ಹುಡುಗ ಯಾವ ಸಾಮಾನು ತಗೊಂಡು ಹೋಗ್ಬೇಕು, ಸ್ವಿಚ್ಚೋ ಫೈಬರ್ ಜಾಯಿಂಟ್ ಮಾಡೋ ಮೆಷಿನ್ನೋ, ಅದೇ ಗೊತ್ತಾಗಲ್ಲ. ಹಾಗಾಗಿ ಚುಕ್ಕಿ ಬೇರೆ ಗೆರೆ ಬೇರೆ ಅಂತ ಮಾಡೋದಕ್ಕಿಂತ ಎರಡನ್ನೂ ಒಂದೇ ರಾಶಿಗೆ ಹಾಕಿ ಯಾವ ಎರಡಕ್ಕೂ ಒಂದೇ ಪಟ್ಟಿ ಬರದೇ ಇರೋ ತರ ಮಾಡೋಕಾಗುತ್ತಾ? ಅದಕ್ಕೆ ಎಷ್ಟು ಕಾವಲು ಬೇಕು?

ಒಂದು ಅನುಮಾನನೂ ಹೇಳ್ಬಿಡ್ತೀನಿ. ನಮ್ಮ ಕೆಲಸದಲ್ಲಿ ಕೆಟ್ಟಿರೋ ಜಾಗಕ್ಕೆ ಎಷ್ಟು ಹಾಪ್ (ಹೆಜ್ಜೆ) ಅಂತ ಪ್ರತಿ ಕಾವಲೂ ಕರೆಕ್ಟಾಗಿ ಹೇಳಲ್ಲ. ದೂರ ಪಕ್ಕಾ ಗೊತ್ತು ಅಂತ ತಗೊಂಡು ಶುರು ಮಾಡೋ ಗಣಿತ ಇದು, ಅದನ್ನ ಹಾಗೇ ತಂದು ನೆಟ್‌ವರ್ಕಿಗೆ ಅಂಟಿಸಿ ಅಪ್ಲಿಕೇಶನ್ ಅಂತ ಬರೆಯೋದು ನನಗೆ ಸರಿ ಅನ್ಸಲ್ಲ.

ಅಘನಾಶಿನಿ_ಮೇಷ್ಟ್ರು:
ನಿಮ್ಮ ಎರಡನೇ ಮಾತು ನೂರಕ್ಕೆ ನೂರು ಒಪ್ತೀನಿ. ತಂಗಿ, ನಿಮ್ಮ ರಿಪೋರ್ಟಿನ ಮುನ್ನುಡಿಯಲ್ಲಿ ಅಪ್ಲಿಕೇಶನ್ ಅಂತ ಬರೆಯುವಾಗ ಇದನ್ನ ನೆನಪಲ್ಲಿಡಿ. ಈ ಯೋಚನೆ ಹುಟ್ಟಿದ್ದು ದೂರ ಅಳೆಯೋಕೆ ಬರುವ ಕಡೆಯಲ್ಲೇ. 1975ರಲ್ಲಿ ಪೀಟರ್ ಸ್ಲೇಟರ್ ಇದನ್ನ ಬರೆದಾಗ ಅವರ ಮನಸ್ಸಲ್ಲಿ ಇದ್ದದ್ದು ಸೋನಾರ್ ಮತ್ತು ಲೋರಾನ್ ಕೇಂದ್ರಗಳು, ಸದ್ದು ಅಥವಾ ರೇಡಿಯೋ ಅಲೆ ಬಂದ ಹೊತ್ತಿಂದ ದೂರ ತಿಳಿದು ಹಡಗು ಎಲ್ಲಿದೆ ಅಂತ ಹೇಳೋದು. 1976ರಲ್ಲಿ ಹರಾರಿ ಮತ್ತು ಮೆಲ್ಟರ್ ಬೇರೆಯಾಗಿ ಅದೇ ವಿಷಯಕ್ಕೆ ಬಂದು ಮೆಟ್ರಿಕ್ ಡೈಮೆನ್ಷನ್ ಅಂತ ಹೆಸರಿಟ್ರು. 1996ರಲ್ಲಿ ಖುಲ್ಲರ್, ರಾಘವಾಚಾರಿ, ರೋಸೆನ್‌ಫೆಲ್ಡ್ ರೋಬೋಟ್ ತಾನೆಲ್ಲಿದೀನಿ ಅಂತ ಹೆಗ್ಗುರುತುಗಳ ದೂರದಿಂದ ತಿಳಿಯೋ ಪ್ರಶ್ನೆಯಾಗಿ ಇದನ್ನ ನೋಡಿದ್ರು. ಅಲ್ಲೆಲ್ಲ ದೂರ ನಿಜವಾಗಿ ಕೈಗೆ ಸಿಗುತ್ತೆ. ಎಡ್ಜಿನ ಪ್ರಶ್ನೆ ಬಂದದ್ದು ಬಹಳ ತಡವಾಗಿ, 2018ರಲ್ಲಿ ಕೆಲೆಂಟ್ಸ್, ತ್ರಾತ್ನಿಕ್, ಯೆರೊ ಪ್ರಕಟಿಸಿದ ಲೇಖನದಿಂದ. ನಲವತ್ತು ವರ್ಷ ಚುಕ್ಕಿಯನ್ನೇ ನೋಡ್ತಿದ್ದವರು ಗೆರೆಯನ್ನ ಕೇಳಲೇ ಇಲ್ಲ ಅನ್ನೋದು ನನಗೆ ಇವತ್ತಿಗೂ ಅಚ್ಚರಿ, ಬಹುಶಃ ಎಲ್ಲರೂ ಕಬ್ಬಿನಗದ್ದೆಯವರ ತರ ಅದು ತಾನಾಗೇ ಸಿಗುತ್ತೆ ಅಂದ್ಕೊಂಡಿದ್ರೋ ಏನೋ.

ನಿಮ್ಮ ಮೊದಲನೇ ಪ್ರಶ್ನೆ, ಎರಡನ್ನೂ ಒಂದೇ ರಾಶಿಗೆ ಹಾಕೋದು, ಅದಕ್ಕೆ ಮಿಕ್ಸೆಡ್ ಮೆಟ್ರಿಕ್ ಡೈಮೆನ್ಷನ್ ಅಂತ ಹೆಸರು. ಅದರಲ್ಲಿ ಒಂದು ಸಣ್ಣ ಉಪಾಯ ಗೊತ್ತಿದ್ರೆ ಅರ್ಧ ಕೆಲಸ ಮುಗಿದ ಹಾಗೆ. ನೀವು ಹೇಳಿದ ಸ್ವಿಚ್ಚು ಮತ್ತು ಅದಕ್ಕೆ ಅಂಟಿದ ಲಿಂಕನ್ನೇ ತಗೊಳ್ಳೋಣ. ಚುಕ್ಕಿ ಅ, ಅದಕ್ಕೆ ಅಂಟಿದ ಗೆರೆ ಅ–ಆ. ಈ ಚುಕ್ಕಿಗೂ ಈ ಗೆರೆಗೂ ವ್ಯತ್ಯಾಸ ಹೇಳಬಲ್ಲ ಕಾವಲು ಯಾರು? ಅ ಕಡೆಗೆ ಹತ್ತಿರ ಇರೋರಿಗೆ ಎರಡೂ ಒಂದೇ ದೂರ. ಸಮದೂರದಲ್ಲಿ ಇರೋರಿಗೂ ಒಂದೇ. ‘ಆ’ ಅನ್ನೋ ತುದಿಯ ಕಡೆಗೆ ಹತ್ತಿರ ಇರೋರಿಗೆ ಮಾತ್ರ ಗೆರೆ ಒಂದು ಹೆಜ್ಜೆ ಈಚೆ ಕಾಣುತ್ತೆ. ಅಂದ್ರೆ ಪ್ರತಿ ಗೆರೆಗೂ ಎರಡೂ ಬದಿಯಲ್ಲಿ ಒಬ್ಬೊಬ್ಬ ಕಾವಲುಗಾರ ಇರಲೇಬೇಕು. ಇಷ್ಟು ಹಿಡ್ಕೊಂಡ್ರೆ ಎಷ್ಟೋ ಉತ್ತರ ಬಾಯಲ್ಲೇ ಬರುತ್ತೆ. ಎಲ್ಲಾ ಚುಕ್ಕಿಗೂ ಎಲ್ಲಾ ಚುಕ್ಕಿ ಕೂಡಿರೋ ಪೂರ್ಣ ಗ್ರಾಫಲ್ಲಿ ‘ಆ’ಗೆ ಹತ್ತಿರ, ‘ಅ’ಗೆ ದೂರ ಇರೋದು ‘ಆ’ ಒಂದೇ, ಹಾಗಾಗಿ ಎಲ್ಲಾ ಚುಕ್ಕಿಯೂ ಕಾವಲಾಗಬೇಕು. ನಮ್ಮ ಚಕ್ರದಲ್ಲಿ ಹಬ್ ಮತ್ತು ಒಂದು ಸ್ಪೋಕ್ ತಗೊಂಡ್ರೂ ಅದೇ ಕಥೆ, ರಿಮ್ಮಿನ ಎಲ್ಲರೂ ಬೇಕು, ಒಂದು ಕಮ್ಮಿ ಅನ್ನೋ ರಿಯಾಯಿತಿ ಇಲ್ಲಿಲ್ಲ.

ಟವರ್_ಕೆಳಗೆ:
ಮೇಷ್ಟ್ರೇ ಇದು ಹಿಡಿಸ್ತು. ನಮ್ಮೂರಲ್ಲಿ ನೀರಿನ ಟ್ಯಾಂಕಿನ ಬುಡದಲ್ಲೇ ಇರೋ ಜಂಕ್ಷನ್ನಿಂದ ಪೈಪ್‌ಲೈನ್ ಮೂರು ಕೇರಿಗೆ ಒಡೆಯುತ್ತೆ, ಅದನ್ನ ಇಟ್ಕೊಂಡು ಮಾಡಿ ನೋಡ್ದೆ. ಲೂಪ್ ಇಲ್ಲ, ಮರ. ಮೂರು ಕೇರಿಯ ತುದಿ ಮನೆಗಳು ಮೂರು ಎಲೆ. ಎರಡು ತುದಿಯಲ್ಲಿ ಕಾವಲಿಟ್ರೆ ಎಲ್ಲಾ ಚುಕ್ಕಿನೂ ಬೇರೆ ಬೇರೆ, ಎಲ್ಲಾ ಪೈಪೂ ಬೇರೆ ಬೇರೆ. ಆದ್ರೆ ಜಂಕ್ಷನ್ನು ಮತ್ತು ಜಂಕ್ಷನ್ನಿಂದ ಮೂರನೇ ಕೇರಿಗೆ ಹೋಗೋ ಮೊದಲ ಪೈಪು, ಎರಡಕ್ಕೂ ಒಂದೇ ಪಟ್ಟಿ, ಯಾಕಂದ್ರೆ ಇಬ್ಬರು ಕಾವಲುಗಾರರಿಗೂ ಜಂಕ್ಷನ್ ದಾಟಿನೇ ಆ ಪೈಪು. ಮೂರನೇ ಕೇರಿಯ ತುದಿಯಲ್ಲೂ ಒಬ್ಬ ಇದ್ರೆ ಮಾತ್ರ ಬಿಡಿಸಿ ಹೇಳಬಹುದು. ಸರಿನಾ?

ಅಘನಾಶಿನಿ_ಮೇಷ್ಟ್ರು:
ಸರಿ. ಇದು ಎಲ್ಲಾ ಮರಕ್ಕೂ ಅನ್ವಯಿಸುತ್ತೆ. ಮರದಲ್ಲಿ ಮಿಕ್ಸೆಡ್ ಡೈಮೆನ್ಷನ್ ಅಂದ್ರೆ ಎಲೆಗಳ ಸಂಖ್ಯೆ, ಹೆಚ್ಚಿಲ್ಲ ಕಮ್ಮಿಯಿಲ್ಲ. ಎಲೆಯ ಕಡೆಗೆ ಹತ್ತಿರ ಇರೋದು ಎಲೆ ಒಂದೇ ಆದ್ದರಿಂದ ಯಾವ ಎಲೆಯನ್ನೂ ಬಿಡೋಕಾಗಲ್ಲ. ಬರೀ ಚುಕ್ಕಿ ಅಥವಾ ಬರೀ ಗೆರೆಗೆ ಅಷ್ಟು ಬೇಡ, ಕವಲೊಡೆದ ಒಂದೇ ಚುಕ್ಕಿಯಿಂದ ಹೊರಟ ಎಲೆಗಳಲ್ಲಿ ಒಂದನ್ನ ಬಿಡಬಹುದು, ಮತ್ತೆ ಮರದಲ್ಲಿ ಆ ಎರಡು ಸಂಖ್ಯೆ ಯಾವಾಗಲೂ ಸಮ. ಕವಲೇ ಇಲ್ಲದ ಸರಪಳಿ ಗ್ರಾಫಿಗೆ ಚುಕ್ಕಿಯದ್ದು 1, ಗೆರೆಯದ್ದು 1, ಮಿಕ್ಸೆಡ್ 2. ಚುಕ್ಕಿ ರಂಗೋಲಿಯ ತರ ಚೌಕದ ಜಾಲಕ್ಕೆ 2, 2, ಮಿಕ್ಸೆಡ್ 3. ಇವೆಲ್ಲ ಲೇಖನಗಳಲ್ಲಿ ಸಿಗುತ್ತೆ, ಹೆಚ್ಚು ಹೇಳಲ್ಲ.

ಸೊನ್ನೆಯೊಂದು:
ಪ್ರೋಗ್ರಾಮ್ ಬಗ್ಗೆ ಎರಡು ಮಾತು, ವರದಾ ಅವರಿಗೆ ಮುಂದೆ ಬೇಕಾಗುತ್ತೆ. ಪ್ರತಿ ವರ್ಟೆಕ್ಸಿಂದ ಬಿಎಫ್‌ಎಸ್ (ಹತ್ತಿರದ್ದು ಮೊದ್ಲು, ದೂರದ್ದು ಆಮೇಲೆ ಅಂತ ಹುಡುಕೋ ಕ್ರಮ) ಓಡಿಸಿ ದೂರದ ಟೇಬಲ್ ಒಂದೇ ಸಲ ಮಾಡಿಟ್ಕೊಳ್ಳಿ, ಎಡ್ಜಿನ ದೂರ ಆ ಟೇಬಲ್ಲಿಂದ ಚಿಕ್ಕದು ತಗೊಂಡ್ರೆ ಸಾಕು. 11 ವರ್ಟೆಕ್ಸಿಗೆ 2048 ಉಪಗಣ, ಕಣ್ಣು ಮಿಟುಕಿಸೋದ್ರಲ್ಲಿ ಮುಗಿಯುತ್ತೆ. ಆದ್ರೆ 40 ವರ್ಟೆಕ್ಸಿಗೆ ಹೋದ್ರೆ ಉಪಗಣ ಒಂದು ಲಕ್ಷ ಕೋಟಿ ದಾಟುತ್ತೆ, ಹಾಗೇ ಓಡಿಸಿ ಕಾಯ್ತಾ ಕೂರ್ಬೇಡಿ. ಚುಕ್ಕಿಯದ್ದೂ ಗೆರೆಯದ್ದೂ ಎರಡೂ ಎನ್‌ಪಿ ಹಾರ್ಡ್, ಎಲ್ಲಾ ಗ್ರಾಫಿಗೂ ವೇಗವಾಗಿ ಸರಿಯಾದ ಉತ್ತರ ಕೊಡೋ ದಾರಿ ಯಾರ ಹತ್ರನೂ ಇಲ್ಲ.

ಬೇರೆ ತರ ಮಾಡಿ. ಪ್ರತಿ ಜೋಡಿ ಎಡ್ಜಿಗೂ ಈ ಎರಡನ್ನ ಬಿಡಿಸಿ ಹೇಳಬಲ್ಲ ವರ್ಟೆಕ್ಸ್ ಯಾರ್ಯಾರು ಅಂತ ಪಟ್ಟಿ ಮಾಡಿ, ಪ್ರತಿ ಪಟ್ಟಿಯಿಂದ ಕನಿಷ್ಠ ಒಬ್ಬರು ಬರೋ ಹಾಗೆ ಚಿಕ್ಕ ಗುಂಪು ಹುಡುಕೋದೇ ಲೆಕ್ಕ. ಇದನ್ನ ಇಂಟೀಜರ್ ಪ್ರೋಗ್ರಾಮ್ ಆಗಿ (ಪ್ರತಿ ವರ್ಟೆಕ್ಸಿಗೂ ಬೇಕಿದ್ರೆ 1, ಬೇಡದಿದ್ರೆ 0 ಅಂತ ಬರೆದು) ಅದನ್ನ ಬಿಡಿಸೋ ಸಾಫ್ಟ್‌ವೇರಿಗೆ, ಅಂದ್ರೆ ಸಾಲ್ವರಿಗೆ ಕೊಟ್ರೆ ಸಾಕಷ್ಟು ದೊಡ್ಡ ಗ್ರಾಫ್ ತನಕ ನಡೆಯುತ್ತೆ. ಸುಮಾರಿಗೆ ಸಾಕು ಅಂದ್ರೆ ಗ್ರೀಡಿ, ಪ್ರತಿ ಸಲ ಹೆಚ್ಚು ಜೋಡಿ ಬಿಡಿಸೋ ವರ್ಟೆಕ್ಸ್ ಎತ್ಕೊಳ್ಳೋದು. ನನಗೆ ಪ್ರೋಗ್ರಾಮಿಗಿಂತ ಹೆಚ್ಚು ಉಪಯೋಗ ಆಗಿದ್ದು ಆ ಪಟ್ಟಿಗಳೇ. ಒಂದೇ ಹೆಸರಿರೋ ಪಟ್ಟಿ ಕಂಡ್ರೆ ಆ ವರ್ಟೆಕ್ಸ್ ಬೇಕೇ ಬೇಕು ಅಂತ ತಕ್ಷಣ ಗೊತ್ತಾಗುತ್ತೆ, ಎರಡೇ ಹೆಸರಿದ್ರೆ ಇಬ್ಬರಲ್ಲಿ ಒಬ್ಬರು. ಚಕ್ರದಲ್ಲಿ ಎರಡು ಸ್ಪೋಕಿನ ಪಟ್ಟಿ ತೆಗೆದ್ರೆ ಎರಡು ತುದಿ ಬಿಟ್ಟು ಮೂರನೇ ಹೆಸರೇ ಇರಲ್ಲ, ವರದಾ ಅವರ ಪ್ರೂಫ್ ಅಲ್ಲೇ ಕೂತಿದೆ.

ಕಬ್ಬಿನಗದ್ದೆ:
ಚಕ್ರದಲ್ಲಿ ಗೆರೆಗೆ ಜಾಸ್ತಿ, ಆ ಕ್ಯೂಬಲ್ಲಿ ಚುಕ್ಕಿಗೆ ಜಾಸ್ತಿ, ಮರದಲ್ಲಿ ಸಮ. ಈ ವ್ಯತ್ಯಾಸ ಎಷ್ಟು ದೊಡ್ದಾಗ್ಬೋದು ಅಂತಾನೂ ಯಾರಾದ್ರೂ ನೋಡವ್ರಾ?

ಅಘನಾಶಿನಿ_ಮೇಷ್ಟ್ರು:
ನೋಡಿದ್ದಾರೆ. ಗೆರೆಯ ಸಂಖ್ಯೆ ಚುಕ್ಕಿಯ ಸಂಖ್ಯೆಯ ಎಷ್ಟು ಪಟ್ಟು ಆಗಬಹುದು ಅನ್ನೋದಕ್ಕೆ ಮಿತಿ ಇಲ್ಲ ಅಂತ 2018ರಲ್ಲೇ ನೀನಾ ಜುಬ್ರಿಲಿನಾ ತೋರಿಸಿದ್ರು. ತಿರುಗಾಮುರುಗಾ, ಚುಕ್ಕಿಯ ಸಂಖ್ಯೆ ಗೆರೆಯದಕ್ಕಿಂತ ಬಹಳ ದೊಡ್ಡದಾಗೋ ಗ್ರಾಫ್‌ಗಳು ಇವೆಯಾ ಅನ್ನೋದು ಕೆಲವು ಕಾಲ ಉಳಿದಿತ್ತು, 2021ರಲ್ಲಿ ಕ್ನೋರ್, ಷ್ಕ್ರೆಕೋವ್ಸ್ಕಿ, ಯೆರೊ ಮತ್ತು ಜೊತೆಯವರು ಅದಕ್ಕೂ ಮಿತಿಯಿಲ್ಲ ಅಂತ ಕಟ್ಟಿ ತೋರಿಸಿದ್ರು.

ವರದಾ_ತೀರ:
ಎಲ್ಲಾರಿಗೂ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಕಮ್ಮೀನ ರೀ. ತಪ್ಪಿದ್ದ ಪುಟ ತಗದು ಹೊಸದಾಗಿ ಬರದೀನಿ, ಷಣ್ಮುಖ ಅವರ ಲೇಖನನೂ ಹಾಕೀನಿ ಸರ್.

ಇವತ್ತು ಮುಂಜಾನೆ ಬಸ್ಸಿನ್ಯಾಗ ಕುಂತು ಒಂದು ವಿಚಾರ ಬಂತು, ಸೊನ್ನೆಯೊಂದು ಅಣ್ಣಾ ಹೇಳಿದ ಪಟ್ಟಿ ಉಪಾಯಾನ ಹಚ್ಚಿ ನೋಡಿದೆ. ಗಾಲಿಯಿಂದ ಒಂದು ಸ್ಪೋಕು ಕಿತ್ತರ ಏನಾಗ್ತೈತಿ? ರಿಮ್ಮಿನ ಮ್ಯಾಲೆ 6 ಚುಕ್ಕಿ, 0 ಇಂದ 5 ತನಕ, 0ಗೆ ಮಾತ್ರ ಹಬ್ಬಿನ ಕೂಡ ಸ್ಪೋಕಿಲ್ಲ. ಪೂರಾ ಗಾಲಿಗೆ 5 ಕಾವಲು ಬೇಕಿತ್ತು. ಈಗ ಸ್ಪೋಕ್ ಐದು. 0 ಕಾವಲಾಗಿಲ್ಲ ಅಂದ್ರ ಮೊದಲಿನಂಗ ಐದರಾಗ ಒಂದಕಿಂತ ಹೆಚ್ಚು ಬಿಡಾಕ ಬರಂಗಿಲ್ಲ, 4 ಬೇಕು. 0 ಕಾವಲಾತು ಅಂದ್ರ ಅದಕ್ಕ ಹಬ್ಬು 2 ಹೆಜ್ಜಿ ದೂರ, ಆದ್ರ 1 ಮತ್ತ 5 ಬಾಜೂ ಅದಾವು, ಹಿಂಗಾಗಿ ಹಬ್–1, ಹಬ್–5 ಅದಕ್ಕ 1 ದೂರ ಕಾಣ್ತಾವು, ಉಳಿದ ಮೂರು ಸ್ಪೋಕು 2 ದೂರ. ಎರಡು ಗುಂಪಾದ್ವು, ಪ್ರತಿ ಗುಂಪಿನ್ಯಾಗ ಒಂದೊಂದು ಬಿಡಬಹುದು, 1 ಮತ್ತ 2 ಮತ್ತ 0 ತಾನು ಒಂದು, ಕೂಡಿದ್ರ ಮತ್ತ 4! ಎರಡೂ ದಾರಿಲೆ 4ಕ್ಕಿಂತ ಕಮ್ಮಿ ಆಗಂಗಿಲ್ಲ. 4 ಸಾಕಾಗ್ತಾವೇನು ಅಂತ 1, 2, 4, 5 ಕಾವಲಿಟ್ಟು ನೋಡಿದೆ:

ಹಬ್–1 (0,1,1,1)
ಹಬ್–2 (1,0,1,1)
ಹಬ್–3 (1,1,1,1)
ಹಬ್–4 (1,1,0,1)
ಹಬ್–5 (1,1,1,0)
0–1 (0,1,2,1)
1–2 (0,0,2,2)
2–3 (1,0,1,2)
3–4 (2,1,0,1)
4–5 (2,2,0,0)
5–0 (1,2,1,0)

ಹನ್ನೊಂದೂ ಬ್ಯಾರೆ ಬ್ಯಾರೆ ಅದಾವು. ಒಂದು ಗೆರೆ ತಗದ್ರ ಒಂದು ಕಾವಲು ಉಳಿತೈತಿ. ಎದುರಾಬದುರು ಎರಡು ಸ್ಪೋಕ್ ಕಿತ್ತರ ಏನು, ಬಾಜೂಬಾಜೂ ಎರಡು ಕಿತ್ತರ ಏನು ಅಂತ ಈಗ ಮಾಡಾಕ ಕುಂತೀನಿ. ರಾತ್ರಿ ಇಲ್ಲೇ ಹಾಕ್ತೀನಿ, ಸರ್ ತಪ್ಪಿದ್ರ ತಿದ್ರಿ.

ಅಘನಾಶಿನಿ_ಮೇಷ್ಟ್ರು:
ಹನ್ನೊಂದೂ ತಾಳೆ ನೋಡಿದೆ, ಸರಿ ಇದೆ ತಂಗಿ. ಬಾಜೂಬಾಜೂ ಕಿತ್ತಾಗ ಆ ಎರಡು ಚುಕ್ಕಿಯ ನಡುವಿನ ಗೆರೆಗೆ ಹಬ್ಬಿಂದ ದೂರ 2 ಆಗುತ್ತೆ, ಉಳಿದ ಯಾವ ಗೆರೆಗೂ ಹಾಗಾಗಲ್ಲ, ಅಲ್ಲಿಂದ ಶುರು ಮಾಡಿ.